ಮೈನಸ್ ಹದಿಮೂರು

"ಅದೆಲ್ಲ ಬೇಡ ಮೇಡಂ. ನಂಬರ್ ಇಳಿಸೋಕೆ ಆಗ್ತದಾ ಇಲ್ವಾ, ಅಷ್ಟು ಹೇಳಿ ಸಾಕು," ಎಂದ ರಾಜೇಂದ್ರ.

ಪರೀಕ್ಷೆಗೆಂದು ಎರಡೂ ಕಣ್ಣಿಗೆ ಹನಿ ಹಾಕಿದ್ದರಿಂದ ಎದುರಿಗೆ ಕೂತ ಡಾಕ್ಟರ್ ವಿನಯಾ ಅವನ ಪಾಲಿಗೆ ಬಿಳಿ ಕೋಟಿನೊಳಗಿಂದ ಬರುವ ಒಂದು ದನಿ ಮಾತ್ರ ಆಗಿದ್ದರು. ಸಾಗರದ ಆ ಆಸ್ಪತ್ರೆಗೆ ಬಂದು ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ ರೋಗಿಯನ್ನು ಕೂರಿಸಿಕೊಂಡು ವಿವರಿಸುವ ತಾಳ್ಮೆ ಉಳಿದಿತ್ತು.

"ಒಂದೊಂದೇ ಹೇಳ್ತೀನಿ, ಕೇಳಿ. ಆಪರೇಷನ್ ನಿಮಗೆ ಆಗಲ್ಲ, ಅದನ್ನ ಬಿಡಿ. ಮಲಗುವಾಗ ಹಾಕಿಕೊಂಡು ಬೆಳಿಗ್ಗೆ ತೆಗೆಯೋ ಲೆನ್ಸ್ ಒಂದಿದೆ. ಹಗಲು ಕನ್ನಡಕ ಬೇಕಾಗಲ್ಲ. ಆದ್ರೆ ಅದು ಐದಾರು ನಂಬರ್ ತನಕ ಇರೋರಿಗೆ. ನಿಮ್ಮದು ಮೈನಸ್ ಹದಿಮೂರು. ಡ್ರಾಪ್ಸ್ ಇದೆ, ಅದು ಬೆಳೆಯೋ ಮಕ್ಕಳಿಗೆ. ಅದರಿಂದಲೂ ನಂಬರ್ ಏರೋದು ನಿಧಾನ ಆಗ್ತದೆಯೇ ಹೊರತು ಇಳಿಯಲ್ಲ. ಇನ್ನು ವ್ಯಾಯಾಮ. ಮಾಡಿದ್ರೆ ಆಯಾಸ ಕಮ್ಮಿ ಆಗಬಹುದು. ಉದ್ದ ಆದ ಕಣ್ಣುಗುಡ್ಡೆ ಗಿಡ್ಡ ಆಗಲ್ಲ."

"ಹಗಲು ಹಾಕೋ ಲೆನ್ಸು?"

"ಹಾಕಬಹುದು. ಕನ್ನಡಕಕ್ಕಿಂತ ಸ್ವಲ್ಪ ಚೆನ್ನಾಗಿ ಕಾಣಬಹುದು." ಪೆನ್ನು ಕೆಳಗಿಟ್ಟ ಸದ್ದಾಯಿತು. "ಆದ್ರೆ ನಿಮ್ಮ ತೊಂದರೆ ಬರೀ ನಂಬರ್ ಅಲ್ಲ. ಗುಡ್ಡೆ ಹಿಗ್ಗಿ ಹಿಗ್ಗಿ ಹಿಂದಿನ ಪರದೆ ತೆಳ್ಳಗಾಗಿದೆ. ಅದೂ ನಡುಮಧ್ಯದಲ್ಲಿ, ಮುಖ ಗುರುತು ಹಿಡಿಯೋ ಜಾಗದಲ್ಲೇ ಸವೆದಿದೆ. ಮುಂದೆ ಎಂಥ ಗಾಜು ಇಟ್ರೂ ಅದು ವಾಪಸ್ ಬರಲ್ಲ."

"ಮತ್ತೆ ಬಸ್ಸು?"

"ಓಡಿಸಬೇಡಿ. ನಾಳೆಯಿಂದಲೇ ಬೇಡ."

ರಾಜೇಂದ್ರ ತಲೆಯಾಡಿಸಿದ. ಜೊತೆಗೆ ಮನೆಯವರು ಯಾರಾದರೂ ಬಂದಿದ್ದಾರಾ ಎಂದು ಅವರು ಕೇಳಿದ್ದಕ್ಕೆ, ಹೆಂಡತಿ ಹೊರಗೆ ಕೂತಿದ್ದಾಳೆ ಎಂದು ಸುಳ್ಳು ಹೇಳಿ, ಗೋಡೆ ಹಿಡಿದುಕೊಂಡು ಆಚೆ ಬಂದ. ಮಾರ್ಚ್ ತಿಂಗಳ ಬಿಸಿಲು ಕಣ್ಣಿಗೆ ಚುಚ್ಚಿತು.

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಅವನು. ಒಂದೇ ದಾರಿಯಲ್ಲಿ ಇಪ್ಪತ್ತೆರಡು ವರ್ಷ. ಆ ದಾರಿಯಲ್ಲಿ ಬಸ್ ಸ್ಟಾಪ್ ಅನ್ನುವುದು ಊರುಗಳಿಗೆ ಮಾತ್ರ ಇದೆ. ಉಳಿದ ಕಡೆ ನಾಲ್ಕೈದು ಮನೆಗೆ ಒಂದು ಕ್ರಾಸು. ಮನೆಯ ಮಣ್ಣುರಸ್ತೆ ಬಂದು ಡಾಂಬರಿಗೆ ಕೂಡುವಲ್ಲಿ ಜನ ನಿಂತಿರುತ್ತಾರೆ, ಡ್ರೈವರ್ ನೋಡಿ ನಿಲ್ಲಿಸಬೇಕು. ಕೈ ಅಡ್ಡ ಹಿಡಿದರೆ ನಿಲ್ಲಿಸುವುದು ಹೊಸಬರು ಮಾಡುವ ಕೆಲಸ. ರಾಜೇಂದ್ರ ಫರ್ಲಾಂಗು ದೂರದಿಂದಲೇ ನಿಂತ ಭಂಗಿ ನೋಡಿ ಇಂಥವರೆಂದು ತಿಳಿಯುತ್ತಿದ್ದ. ಅವರು ಬಸ್ ಹತ್ತುವವರೋ, ಪೇಟೆಯಿಂದ ಮಾತ್ರೆ ತರಲು ಚೀಟಿ ಕೊಡುವವರೋ, ಮಗಳ ಮನೆಗೆ ಉಪ್ಪಿನಕಾಯಿ ಭರಣಿ ಕಳಿಸುವವರೋ ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು. ದಿನಾ ಬರುವವರು ಕ್ರಾಸಿನಲ್ಲಿ ಕಾಣದಿದ್ದರೆ ಎರಡು ಸಲ ಹಾರನ್ ಹೊಡೆದು ಅರ್ಧ ನಿಮಿಷ ಕಾಯುತ್ತಿದ್ದ. ಆ ಅರ್ಧ ನಿಮಿಷಕ್ಕಾಗಿ ಜನ ಹಿಂದೆ ಬರುವ ಬಸ್ಸನ್ನು ಬಿಟ್ಟು ಇವನ ಬಸ್ಸಿಗೇ ನಿಲ್ಲುತ್ತಿದ್ದರು. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬವಿತ್ತು. ಇರಲಿ, ಮನುಷ್ಯನಿಗೆ ಒಂದಾದರೂ ಜಂಬ ಇರಬೇಕು.

ದಪ್ಪ ಕನ್ನಡಕ ಮೊದಲಿನಿಂದಲೂ ಇತ್ತು. ಅದು ಇದ್ದರೆ ಎಲ್ಲವೂ ಕಾಣುತ್ತಿತ್ತು. ಕಳೆದ ದೀಪಾವಳಿಯಿಂದೀಚೆಗೆ ರಸ್ತೆಯ ಅಂಚಿನ ಬಿಳಿಗೆರೆ ಸೊಟ್ಟಗಾಗತೊಡಗಿತು. ಆಮೇಲೆ ಎದುರಿಗಿದ್ದವರ ಮುಖದ ಮೇಲೆ ಯಾರೋ ಬೆರಳಿನಿಂದ ಒರೆಸಿದ ಹಾಗೆ ಒಂದು ಕಲೆ ಕೂತಿತು. ಕನ್ನಡಕ ಒರೆಸಿದರೂ ಹೋಗಲಿಲ್ಲ. ಒಂದು ದಿನ ನಿವೃತ್ತ ಮೇಷ್ಟ್ರು ನಾರಾಯಣಮೂರ್ತಿಯವರನ್ನು ಕಾಣದೆ ಅವರ ಕ್ರಾಸಿನಲ್ಲೇ ಬಿಟ್ಟು ಬಂದ. ಮಾರನೆಯ ದಿನ ಅವರು ಬಸ್ ಹತ್ತಿದವರೇ ಅವನ ಪಕ್ಕ ಬಂದು ನಿಂತರು.

"ಎಂತ ರಾಜೇಂದ್ರ, ನಿನ್ನೆ ನಾ ಕೈ ಮಾಡಿದ್ದು ಕಾಣ್ಲಿಲ್ವಾ? ನಿನ್ನ ಹತ್ರ ಯಾವತ್ತೂ ಕೈ ಮಾಡಿದವನಲ್ಲ ನಾನು."

"ತಪ್ಪಾತು ಮೇಷ್ಟ್ರೇ. ಎದ್ರಿಂದ ಲಾರಿ ಬರ್ತಿತ್ತು," ಎಂದ. ಲಾರಿ ಬಂದಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ದಿನೇಶ ಇದನ್ನು ಕೇಳಿಸಿಕೊಂಡ. ಅವತ್ತು ಮಧ್ಯಾಹ್ನದ ಟ್ರಿಪ್ಪಿನಿಂದ ಅವನು ಮುಂದಿನ ಬಾಗಿಲಿಗೆ ಬಂದ.

ದಿನೇಶ ಏನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ನಿಂತು ಹಾಡು ಗುನುಗಿದಂತೆ ಹೇಳಲು ಶುರುಮಾಡಿದ. "ಎಡಕ್ಕೆ ಮೇಷ್ಟ್ರು, ಅಣ್ಣ. ಮುಂದೆ ದನ ಮಲಗಿದಾವೆ. ಬೈಕ್ ಬಂತು, ಬೈಕ್ ಬಂತು. ಶಾಲೆ ಹತ್ರ ಇಬ್ರು ಹೆಂಗಸ್ರು, ಒಬ್ರು ಹತ್ತೋರು." ಜನರಿಗೆ ಅದೊಂದು ತಮಾಷೆಯಾಯಿತು. ದಿನೇಶ ರೇಡಿಯೋ ಆಗಿಬಿಟ್ಟಿದ್ದಾನೆ ಎಂದು ನಕ್ಕರು. ಅವನಿಗೆ ಟಿಕೆಟ್ ಹರಿಯುವುದನ್ನು, ಟೈಮಿಗೆ ಸರಿಯಾಗಿ ಸ್ಟ್ಯಾಂಡು ಬಿಡಿಸುವುದನ್ನು, ಜಗಳಗಂಟ ಪ್ರಯಾಣಿಕರನ್ನು ಸಂಭಾಳಿಸುವುದನ್ನು ಕಲಿಸಿದ್ದು ರಾಜೇಂದ್ರನೇ. ಆ ಋಣ ದಿನೇಶನ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ, ಮನಸ್ಸಿನಲ್ಲಿತ್ತು.

ಆಸ್ಪತ್ರೆಯಿಂದ ಬಂದ ದಿನ ರಾಜೇಂದ್ರ ಡಾಕ್ಟರ್ ಹೇಳಿದ್ದರಲ್ಲಿ ಅರ್ಧವನ್ನು ದಿನೇಶನಿಗೆ ಹೇಳಿದ. ಹಗಲು ಹಾಕುವ ಲೆನ್ಸಿನಿಂದ ಚೆನ್ನಾಗಿ ಕಾಣುತ್ತದಂತೆ ಎಂದ. ಪರದೆ ಸವೆದ ವಿಷಯ ಎತ್ತಲಿಲ್ಲ.

"ಮೂರು ತಿಂಗ್ಳು, ದಿನೇಶ. ಅಷ್ಟರೊಳಗೆ ಎಂತಾದ್ರೂ ಒಂದು ದಾರಿ ಮಾಡ್ತೀನಿ. ಅಲ್ಲಿ ತನಕ ನೀನು ಹೇಳ್ತಾ ಬಾ, ನಾನು ಓಡಿಸ್ತೀನಿ."

ದಿನೇಶ ಬಸ್ಸಿನ ಟೈರನ್ನು ಒಮ್ಮೆ ಕಾಲಲ್ಲಿ ಒದ್ದು ನೋಡಿದ. "ಆತು ಅಣ್ಣ," ಎಂದ.

ಜೂನಿನಲ್ಲಿ ಲೈಸೆನ್ಸು ಹೊಸದು ಮಾಡಿಸಬೇಕಿತ್ತು. ಕಣ್ಣಿನ ಪರೀಕ್ಷೆಯ ಫಾರಂ ನೆನೆದೇ ರಾಜೇಂದ್ರನಿಗೆ ನಿದ್ದೆ ಹಾರಿತ್ತು. ಬಸ್ಸಿನ ಮಾಲೀಕ ಗಿರಿಧರನ ಹತ್ತಿರ ಆ ಮಾತು ತೆಗೆದರೆ ಅವನು ನಕ್ಕುಬಿಟ್ಟ. "ಅಯ್ಯ, ಅದಕ್ಕೆ ಎಂತಕ್ಕೆ ತಲೆಬಿಸಿ ಮಾರಾಯ? ಫಾರಂ ನನ್ನ ಹತ್ರ ಕೊಡು. ಏಜೆಂಟ್ ಸಹಿ ಹಾಕಿಸ್ಕೊಂಡು ಬರ್ತಾನೆ. ನಿನ್ನಂಥ ಡ್ರೈವರ್ ನಂಗೆ ಈಗ ಎಲ್ಲಿ ಸಿಗ್ತಾನೆ?" ಗಿರಿಧರ ಕೆಟ್ಟವನಲ್ಲ. ಪ್ರೀತಿಯಿಂದಲೇ ಹೇಳಿದ. ಆದರೆ ರಾಜೇಂದ್ರನಿಗೆ ಯಾಕೋ ಸಮಾಧಾನವಾಗಲಿಲ್ಲ. ತಡೆಯುವವರು ಒಬ್ಬರಾದರೂ ಇರುತ್ತಾರೆ ಎಂದು ಅವನು ಅಂದುಕೊಂಡಿದ್ದ. ಈಗ ಯಾರೂ ಇಲ್ಲ ಎಂದಾಯಿತು.

ಮನೆಯಲ್ಲಿ ಹೆಂಡತಿ ಯಮುನಾಗೆ, ಡ್ರಾಪ್ಸ್ ಕೊಟ್ಟಿದ್ದಾರೆ, ಹಾಕುತ್ತಾ ಹೋದರೆ ನಂಬರ್ ಇಳಿಯುತ್ತದೆ ಎಂದು ಹೇಳಿದ್ದ. ಕಣ್ಣು ಒಣಗದಿರಲಿ ಎಂದು ಕೊಟ್ಟ ಹನಿ ಅದು. ಯಮುನಾ ಸಂಜೆ ದೀಪ ಹಚ್ಚಿದ ಮೇಲೆ ಅವನನ್ನು ಮಂಚದ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ, ಉಸಿರು ಬಿಗಿಹಿಡಿದು ಹನಿ ಹಾಕುತ್ತಿದ್ದಳು.

"ಇವತ್ತು ಸ್ವಲ್ಪ ಮೇಲಾ?" ಎಂದು ಕೇಳುತ್ತಿದ್ದಳು.

"ಹೂಂ, ಸ್ವಲ್ಪ ಮೇಲು."

"ನಿನ್ನೆಗಿಂತ?"

"ನಿನ್ನೆಗಿಂತ."

ಅವಳು ಸೀಸೆಯ ಮುಚ್ಚಳ ತಿರುಗಿಸುವ ಸದ್ದು ಕೇಳುತ್ತ ಅವನು ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಿದ್ದ. ಈ ಹೆಂಗಸಿಗೆ ಇಷ್ಟು ಸುಲಭವಾಗಿ ಸುಳ್ಳು ಹೇಳಬಹುದಲ್ಲ ಎಂದು ಅವನಿಗೆ ದುಃಖವಾಗುತ್ತಿತ್ತು.

ಫೋನಿನಲ್ಲಿ ಕಣ್ಣಿನ ವ್ಯಾಯಾಮದ ವೀಡಿಯೋಗಳಿಗೆ ಬರವಿಲ್ಲ. ಮೂವತ್ತು ದಿನದಲ್ಲಿ ಕನ್ನಡಕ ಬಿಸಾಡಿ ಎನ್ನುವವನೊಬ್ಬ ಅದರಲ್ಲಿದ್ದ. ಅಂಗೈ ಉಜ್ಜಿ ಬಿಸಿ ಮಾಡಿ ಕಣ್ಣಿಗೆ ಒತ್ತಬೇಕು, ಹೆಬ್ಬೆರಳನ್ನು ಮೂಗಿನ ಹತ್ತಿರ ತಂದು ದೂರ ಒಯ್ಯಬೇಕು. ರಾಜೇಂದ್ರ ಹೊಸನಗರದ ಸ್ಟ್ಯಾಂಡಿನಲ್ಲಿ ಬಸ್ ನಿಂತ ಹತ್ತು ನಿಮಿಷ ಸೀಟಿನಲ್ಲೇ ಅದನ್ನು ಮಾಡುತ್ತಿದ್ದ. ಮುಂದಿನ ಗಾಜಿನ ಮೇಲೆ ಸಿಗಂದೂರು ಅಮ್ಮನ ಫೋಟೋ ಇದ್ದುದರಿಂದ ಪ್ರಯಾಣಿಕರು ಅವನು ಕೈ ಮುಗಿಯುತ್ತಿದ್ದಾನೆ ಅಂದುಕೊಂಡರು. ಒಬ್ಬ ಅಜ್ಜಿಯಂತೂ ಭಕ್ತಿಯಿಂದ ಅವನ ಹಿಂದೆ ನಿಂತು ತಾನೂ ಕೈ ಮುಗಿದಳು. ಮೂವತ್ತು ದಿನ ಕಳೆಯಿತು. ಕಲೆ ಇದ್ದಲ್ಲೇ ಇತ್ತು, ಸ್ವಲ್ಪ ದೊಡ್ಡದಾಗಿತ್ತು.

ಆಮೇಲೆ ಹಾಲಮ್ಮನ ಸರದಿ. ಹೊಸನಗರದಾಚೆ ಬಸ್ಸಿನ ದಾರಿಯಲ್ಲೇ ಸಿಗುವ ಅರಳಸುರಳಿಯಿಂದ ಒಂದು ಮೈಲಿ ಒಳಗೆ ಅವಳ ಮನೆ. ಕಣ್ಣಿಗೆ ಸೊಪ್ಪಿನ ರಸ ಬಿಡುತ್ತಾಳೆ, ಎಷ್ಟೋ ಜನರ ಕನ್ನಡಕ ಬಿಡಿಸಿದ್ದಾಳೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ರಜೆ ಹಾಕಿ, ಹೇಳಿದಂತೆ ಖಾಲಿ ಹೊಟ್ಟೆಯಲ್ಲಿ, ವೀಳ್ಯದೆಲೆ ಅಡಿಕೆ ಹಿಡಿದುಕೊಂಡು ಹೋದ. ಹಾಲಮ್ಮ ಅವನನ್ನು ಅಂಗಳದ ಬೆಳಕಿಗೆ ತಿರುಗಿಸಿ, ಕನ್ನಡಕ ತೆಗೆಸಿ, ಬಹಳ ಹೊತ್ತು ಕಣ್ಣನ್ನೇ ನೋಡಿದಳು. ಕನ್ನಡಕವನ್ನು ಕೈಯಲ್ಲಿ ತೂಗಿ ನೋಡಿದಳು.

"ಇದು ನನ್ನ ಕೈಲಿ ಆಗದಲ್ಲ ತಮ್ಮ. ಕಣ್ಣು ಕೆಂಪಾದ್ರೆ, ಪಿಸುರು ಕಟ್ಟಿದ್ರೆ ಔಷಧಿ ಬಿಡ್ತೀನಿ. ಜನ ಎಂತೆಂತದೋ ಸೇರ್ಸಿ ಹೇಳ್ತಾರೆ. ನಿಂಗೆ ರಸ ಬಿಟ್ಟು ಇದ್ದ ಕಣ್ಣೂ ಹೋದ್ರೆ ಆ ಪಾಪ ನಂಗೆ ಎಂತಕ್ಕೆ?"

"ಬಿಟ್ಟು ನೋಡಿ ಅಮ್ಮ. ಆಗ್ಲಿಲ್ಲ ಅಂದ್ರೆ ನಾನೇನೂ ಅನ್ನಲ್ಲ."

"ಬೇಡ." ಎಲೆ ಅಡಿಕೆಯನ್ನು ಅವನ ಕೈಗೇ ವಾಪಸ್ಸಿಟ್ಟಳು. "ಬಿಸಿಲಲ್ಲಿ ನಡ್ಕಂಡು ಬಂದೀಯ. ಎರಡು ದೋಸೆ ತಿಂದು ಹೋಗು."

ಡಾಕ್ಟರ್ ಆಗದು ಎಂದಾಗ ಅವನಿಗೆ ಇಷ್ಟು ಭಯವಾಗಿರಲಿಲ್ಲ. ಸೊಪ್ಪು ಅರೆಯುವವಳೂ ಆಗದು ಎಂದಮೇಲೆ ಇನ್ನು ಯಾರ ಹತ್ತಿರ ಹೋಗುವುದು? ದೋಸೆ ಬೇಕಿರಲಿಲ್ಲ. ಆದರೂ ತಿಂದ. ಅವಳು ಪ್ರೀತಿಯಿಂದ ಬಡಿಸಿದ್ದಳು.

ಕೊನೆಗೆ ಉಳಿದಿದ್ದು ಹಗಲು ಹಾಕುವ ಲೆನ್ಸು. ತೀರ್ಥಹಳ್ಳಿಯ ಕನ್ನಡಕದ ಅಂಗಡಿಯವನು ಅವನ ನಂಬರಿನದನ್ನು ಹೊರಗಿನಿಂದ ತರಿಸಿ, ಮೊದಲು ಹಾಕಿ ನೋಡಿ ಎಂದ. ಎರಡು ಸಲ ಕೆಳಗೆ ಬಿದ್ದು, ಮೂರನೆಯ ಸಲ ಕೂತಿತು. ರಾಜೇಂದ್ರ ಕಣ್ಣೀರು ಒರೆಸಿಕೊಂಡು ಅಂಗಡಿಯ ಬಾಗಿಲಿಗೆ ಬಂದ. ರಸ್ತೆಯಾಚೆಯ ಮಾವಿನಮರದಲ್ಲಿ ಎಲೆ ಎಲೆಯೂ ಬೇರೆ ಬೇರೆಯಾಗಿ ಕಂಡಿತು. ಹೆಂಚಿನ ಸಾಲು, ಕರೆಂಟ್ ತಂತಿ, ತಂತಿಯ ಮೇಲೆ ಕೂತ ಹಕ್ಕಿ, ಎಲ್ಲವೂ ಸ್ಪಷ್ಟ. ಮೂವತ್ತು ವರ್ಷದಲ್ಲಿ ಇಷ್ಟು ಅಗಲವಾಗಿ ಅವನು ಏನನ್ನೂ ನೋಡಿರಲಿಲ್ಲ.

"ಹೆಂಗಿದೆ ಅಣ್ಣ?" ಎಂದು ಜೊತೆಗೆ ಬಂದಿದ್ದ ದಿನೇಶ ಎದುರಿಗೆ ಬಂದು ನಿಂತ.

ದಿನೇಶನ ಅಂಗಿಯ ಗುಂಡಿಗಳು ಕಂಡವು. ಭುಜದ ಮೇಲಿನ ಚೀಲದ ಪಟ್ಟಿ ಕಂಡಿತು. ಕೊರಳಿನ ಮೇಲೆ ಮುಖ ಇರಲಿಲ್ಲ. ಅಲ್ಲಿ ಅದೇ ಒರೆಸಿದ ಕಲೆ. ರಾಜೇಂದ್ರ ತಲೆಯನ್ನು ಆಚೆ ಈಚೆ ವಾಲಿಸಿ ನೋಡಿದ. ಎಲ್ಲಿ ನೋಡಬೇಕೋ ಸರಿಯಾಗಿ ಅಲ್ಲಿಗೇ ಕಲೆ ಬಂದು ಕೂರುತ್ತಿತ್ತು.

"ಪರವಾಗಿಲ್ಲ," ಎಂದ. "ಧೂಳಿಗೆ ಉರೀತದೆ ಅನ್ಸ್ತದೆ." ಒಳಗೆ ಹೋಗಿ ಲೆನ್ಸು ತೆಗೆಸಿ ಕೊಟ್ಟ. ಆಮೇಲೆ ಬೇಕಾದರೆ ಬರುತ್ತೇನೆ ಎಂದು ಅಂಗಡಿಯವನಿಗೆ ಹೇಳಿದ.

ಇಷ್ಟಾದ ಮೇಲಾದರೂ ಅವನು ಬಸ್ಸಿನಿಂದ ಇಳಿಯಬೇಕಿತ್ತು. ಇಳಿಯಲಿಲ್ಲ. ಇಳಿದರೆ ತಾನು ಯಾರು ಎಂಬುದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ದಾರಿ ಅಂಗೈಯಲ್ಲಿದೆ, ಯಾವ ತಿರುವಿಗೆ ಯಾವ ಗೇರು ಎಂದು ಕಾಲಿಗೇ ಗೊತ್ತು, ಮುಖ ನೋಡುವುದಕ್ಕೆ ದಿನೇಶ ಇದ್ದಾನೆ ಎಂದು ತನಗೆ ತಾನೇ ಹೇಳಿಕೊಂಡ. ದಿನವೂ ಬಸ್ ಬಿಡುವ ಮೊದಲು ಹೇಳಿಕೊಳ್ಳುತ್ತಿದ್ದ.

ಏಪ್ರಿಲ್ ಕೊನೆಯ ಒಂದು ಮಂಗಳವಾರ, ಅರಳಸುರಳಿ ದಾಟಿ ಮುಂದಿನ ಇಳಿಜಾರಿನಲ್ಲಿ, ಹಿಂದಿನ ಸೀಟಿನಲ್ಲಿ ಚಿಲ್ಲರೆಗೆ ಜಗಳವಾಗಿ ದಿನೇಶ ಒಳಗೆ ಹೋಗಬೇಕಾಯಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ರಸ್ತೆಯ ಎಡಕ್ಕೆ ಒಂದು ಪೊದೆ ಇದ್ದುದು ರಾಜೇಂದ್ರನಿಗೆ ಕಂಡಿತು. ಆ ತಿರುವಿನಲ್ಲಿ ಪೊದೆ ಇರಲಿಲ್ಲವಲ್ಲ ಎಂದು ಅನ್ನಿಸುವಷ್ಟರಲ್ಲಿ ಪೊದೆ ನಡೆಯತೊಡಗಿತು.

"ಅಣ್ಣಾ, ಬಲಕ್ಕೆ," ಎಂದು ದಿನೇಶ ಹಿಂದಿನಿಂದ ಕಿರುಚಿದ.

ಸ್ಟೇರಿಂಗ್ ತಾನಾಗಿ ತಿರುಗಿತು. ಎಡಬದಿಗೆ ಏನೋ ಸವರಿದ ಸದ್ದು ಕೇಳಿತು. ಕಿಟಕಿಯಿಂದ ಹಸಿ ಸೊಪ್ಪಿನ ಎಲೆಗಳು ಒಳಗೆ ಬಂದು ಬಿದ್ದವು. ಬಸ್ ಅಡ್ಡಾದಿಡ್ಡಿಯಾಗಿ ನಿಂತಿತು. ದಿನೇಶ ಹಾರಿ ಇಳಿದು ಓಡಿದ. ದುಗ್ಗಮ್ಮ ಎಂಬ ಹೆಂಗಸು, ಕೊಟ್ಟಿಗೆಗೆ ಸೊಪ್ಪಿನ ಹೊರೆ ಹೊತ್ತುಕೊಂಡು ಹೋಗುತ್ತಿದ್ದವಳು. ಹೊರೆ ಹಾರಿ ಚರಂಡಿಗೆ ಬಿದ್ದಿತ್ತು, ಅವಳು ರಸ್ತೆಯಂಚಿನ ಮಣ್ಣಿನಲ್ಲಿ ಕೂತಿದ್ದಳು. ಮೈಗೆ ಏನೂ ಆಗಿರಲಿಲ್ಲ.

"ಕಣ್ಣು ಕಾಣದಿಲ್ವನಾ ನಿಂಗೆ?" ಎಂದು ಅವಳು ಬೈದಳು. ಎಲ್ಲ ಡ್ರೈವರುಗಳಿಗೂ ಎಲ್ಲರೂ ಬೈಯುವ ಬೈಗುಳ ಅದು. ಬಸ್ಸಿನಲ್ಲಿದ್ದ ಕೆಲವರು ನಕ್ಕರು ಕೂಡ. ದಿನೇಶ ಹೊರೆ ಕಟ್ಟಿ ಅವಳ ತಲೆಗೆ ಎತ್ತಿಕೊಟ್ಟು ಬಂದ. ಅಲ್ಲಿಂದ ತೀರ್ಥಹಳ್ಳಿಯ ತನಕ ಅವನು ಮುಂದಿನ ಬಾಗಿಲು ಬಿಡಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ದಿನೇಶ ಎರಡು ಚಾ ತಂದ.

"ನಾನು ಒಳಗೆ ಹೋಗ್ಬಾರ್ದಿತ್ತು ಅಣ್ಣ," ಎಂದ ದಿನೇಶ. "ಇನ್ಮೇಲೆ ಹೋಗಲ್ಲ."

ಆ ಮಾತಿಗೆ ರಾಜೇಂದ್ರನ ಕಣ್ಣು ತುಂಬಿತು. ಜಗತ್ತಿನಲ್ಲಿ ತನ್ನನ್ನು ಬಿಟ್ಟುಕೊಡದವನು ಒಬ್ಬನಾದರೂ ಇದ್ದಾನೆ ಎಂದು ಅನ್ನಿಸಿತು. ಆ ನೆಮ್ಮದಿಯಲ್ಲೇ ಅವನು ಆ ವಾರ ಬಸ್ ಓಡಿಸಿದ.

ದಿನೇಶನ ಹೆಂಡತಿ ಸುಷ್ಮಾಳ ತವರು ಅರಳಸುರಳಿ. ತಿಂಗಳಿಗೊಮ್ಮೆ ನಾಲ್ಕು ವರ್ಷದ ಮಗಳು ಸೌಜನ್ಯಳನ್ನು ಕರೆದುಕೊಂಡು ಇದೇ ಬಸ್ಸಿನಲ್ಲಿ ಹೋಗುತ್ತಿದ್ದಳು. ಮಗುವಿಗೆ ಇಂಜಿನ್ ಪಕ್ಕದ ಉದ್ದ ಸೀಟೇ ಆಗಬೇಕು. ರಾಜೇಂದ್ರನನ್ನು ದೊಡ್ಡಪ್ಪ ಎನ್ನುತ್ತಿತ್ತು. ಹೊಸನಗರ ಬರುವ ತನಕ, ಗೇರು ಯಾಕೆ ಅಲ್ಲಾಡುತ್ತದೆ, ವೈಪರ್ ಯಾಕೆ ಮಲಗಿದೆ ಎಂದು ಪ್ರಶ್ನೆ ಕೇಳಿ ಕೇಳಿ ಆಮೇಲೆ ನಿದ್ದೆ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಸಾಗರದ ಸ್ಟ್ಯಾಂಡಿನಲ್ಲಿ ರಾಜೇಂದ್ರ ತನ್ನ ಸೀಟಿನಲ್ಲಿ ಕೂತು, ಅಂಗೈ ಒಣ ಬಟ್ಟೆಯಲ್ಲಿ ಒರೆಸಿಕೊಂಡ. ಬಸ್ಸಿನಲ್ಲಿ ಹದಿನೈದು ಜನ ಇದ್ದಿರಬಹುದು. ಇನ್ನು ಐದು ನಿಮಿಷಕ್ಕೆ ಬಿಡಬೇಕು. ಎಡಪಕ್ಕದಲ್ಲಿ ಇನ್ನೊಂದು ಬಸ್ ಬಂದು ನಿಂತಿತ್ತು. ರಿಪ್ಪನ್‌ಪೇಟೆಗೆ ಹೋಗುವುದು. ಎರಡು ಬಸ್ಸಿನ ನಡುವಿನ ಸಂದಿನಿಂದ ಮಗುವಿನ ಅಳು ಕೇಳಿತು.

"ನಂಗೆ ದೊಡ್ಡಪ್ಪನ ಬಸ್ಸು. ಇದು ಬೇಡ, ದೊಡ್ಡಪ್ಪನ ಬಸ್ಸು."

"ಶ್, ಸುಮ್ನಿರು," ಎಂದಳು ಸುಷ್ಮಾ. "ಆ ಬಸ್ಸು ಪೂರ್ತಿ ರಶ್ಶು. ಕೂರಕೆ ಜಾಗ ಇಲ್ಲ."

"ಜಾಗ ಇದೆ. ದೊಡ್ಡಪ್ಪನ ಹತ್ರ ಇದೆ."

"ಮೆಲ್ಲಗೆ ಮಾತಾಡು ಪುಟ್ಟಿ." ಇದು ದಿನೇಶನ ದನಿ. ಆಮೇಲೆ ಅವನು ಹೆಂಡತಿಗೆ ಹೇಳುವುದು ಕೇಳಿಸಿತು. "ರಿಪ್ಪನ್‌ಪೇಟೆಲಿ ಇಳಿದು ತೀರ್ಥಳ್ಳಿ ಬಸ್ಸು ಹತ್ತು. ಕೋಣಂದೂರಲ್ಲಿ ಇಳಿ, ಅಲ್ಲಿಂದ ಮನೆಗೆ ಕರ್ಕೊಂಡು ಹೋಗಕೆ ನಿನ್ ತಮ್ಮ ಬರ್ತಾನೆ. ಲೇಟಾದ್ರೂ ಆಗ್ಲಿ, ಗಡಿಬಿಡಿ ಮಾಡ್ಬೇಡ."

ಚೀಲ ಮೇಲಿಟ್ಟ ಸದ್ದಾಯಿತು. ಮಗುವಿನ ಅಳು ಬಸ್ಸಿನೊಳಗೆ ಹೋಗಿ ಸಣ್ಣದಾಯಿತು. ಆ ಬಸ್ ಹೊರಟಿತು. ರಾಜೇಂದ್ರ ಅಲ್ಲಾಡದೆ ಕೂತಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ದಿನೇಶ ಮುಂದಿನ ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ನಿಂತ. "ಹೋಗನಾ ಅಣ್ಣ?"

"ಸುಷ್ಮಾ ಎಲ್ಲಿಗೆ ಹೋದ್ಲು?"

"ತವ್ರಿಗೆ."

"ನಾವೂ ಅಲ್ಲಿಗೇ ಹೋಗದಲ್ಲನಾ?"

ದಿನೇಶ ಟಿಕೆಟ್ ಮಿಷನ್ನಿನ ಗುಂಡಿಯನ್ನು ಸುಮ್ಮನೆ ಎರಡು ಸಲ ಒತ್ತಿದ. ಅದು ಕಿರ್ರೆಂದು ಖಾಲಿ ಕಾಗದ ಹೊರಗೆ ಹಾಕಿತು. ರಾಜೇಂದ್ರ ಅವನ ಮುಖದ ಕಡೆ ನೋಡಿದ. ಅಲ್ಲಿ ಏನಿದೆ ಎಂದು ಅವನಿಗೆ ಕಾಣಲಿಲ್ಲ.

"ಟೈಮಾತು ಅಣ್ಣ," ಎಂದ ದಿನೇಶ.

ರಾಜೇಂದ್ರ ಕನ್ನಡಿಯ ಕಡೆ ತಿರುಗಿದ. ಹಿಂದಿನ ಸೀಟುಗಳಲ್ಲಿ ಬಣ್ಣ ಬಣ್ಣದ ಬಟ್ಟೆ ಕಂಡಿತು. ಯಾರದೋ ಕೈಕೂಸು ಕೇಕೆ ಹಾಕುತ್ತಿತ್ತು. ಅವನು ಇಂಜಿನ್ ಆಫ್ ಮಾಡಿ ಕೀ ತೆಗೆದ. ಅಂಗಿಯ ಮೇಲೆ ತೊಟ್ಟಿದ್ದ ಖಾಕಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಿಸಿ ಡ್ರೈವರ್ ಸೀಟಿನ ಮೇಲಿಟ್ಟ. ಕೀಯನ್ನು ಅದರ ಮೇಲಿಟ್ಟ. ಆಮೇಲೆ ಸೀಟುಗಳ ಕಂಬಿ ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ನಡೆದು, ಮೂರನೆಯ ಸಾಲಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂತ. ಈ ಬಸ್ಸಿನಲ್ಲಿ ಅವನು ಹಾಗೆ ಕೂತಿದ್ದು ಇದೇ ಮೊದಲು. ದಿನೇಶ ಮೆಟ್ಟಿಲ ಮೇಲೇ ನಿಂತಿದ್ದ.

ಕಿಟಕಿಯ ಪಕ್ಕದಲ್ಲಿದ್ದ ಹೆಂಗಸು ಆಗಷ್ಟೇ ಹಿಂದಿನ ಬಾಗಿಲಿಂದ ಹತ್ತಿ ಕೂತವಳು. ಪರ ಊರಿನವಳು, ಸಿಗಂದೂರಿಗೆ ಹೋಗಿ ಬಂದಿದ್ದಳೆಂದು ಕಾಣುತ್ತದೆ, ತೊಡೆಯ ಮೇಲಿನ ಚೀಲದಿಂದ ಕುಂಕುಮದ ವಾಸನೆ ಬರುತ್ತಿತ್ತು. ಅವನಿಗೆ ಜಾಗ ಬಿಟ್ಟು ಸ್ವಲ್ಪ ಒತ್ತರಿಸಿಕೊಂಡಳು. ಸ್ಟ್ಯಾಂಡಿನ ಏಜೆಂಟ್ ಹೊರಗಿನಿಂದ ಬಸ್ಸಿನ ಮೈ ಬಡಿದು, ಬಿಡಿ ಬಿಡಿ ಎಂದು ಕೂಗುತ್ತಿದ್ದ.

"ಡ್ರೈವರ್ ಇನ್ನೂ ಬಂದಿಲ್ವೇನಣ್ಣಾ?" ಎಂದು ಅವಳು ಕೇಳಿದಳು.

"ಬರ್ಬೇಕು," ಎಂದ ರಾಜೇಂದ್ರ.